ತೊಂಬತ್ತು ದಿನದ ಬೋರ್ಡು

ಮೂರು ತಿಂಗಳಲ್ಲಿ ಮುಗಿಸುತ್ತೇವೆ ಎಂದು ಅಗೆದ ರಸ್ತೆಯನ್ನು ಮೂರೇ ತಿಂಗಳಲ್ಲಿ ಮುಚ್ಚಿದ್ದನ್ನು ಅಶೋಕಪುರಂನಲ್ಲಿ ಕಂಡವರಿಲ್ಲ. ಆದರೂ ಜೆಸಿಬಿ ಬಂದ ದಿನ ಎಲ್ಲರೂ ನಂಬಿದರು. ನಂಬದೆ ಇನ್ನೇನು ಮಾಡುವುದು? ಒಳಚರಂಡಿ ಕಟ್ಟಿಕೊಂಡು ನಾರುತ್ತಿದೆ, ಪೈಪು ಬದಲಾಯಿಸಿ ಎಂದು ವರ್ಷವಿಡೀ ಕೂಗಾಡಿದವರೂ ಅವರೇ.

ಧರಣಿಯ ಮೆಸ್ಸು ಆ ದೊಡ್ಡ ರಸ್ತೆಯಿಂದ ಒಳಗೆ, ಎರಡನೇ ಕ್ರಾಸಿನಲ್ಲಿತ್ತು. ಮನೆಯ ಮುಂದಿನ ಕೋಣೆಯೇ ಮೆಸ್ಸು. ನಾಲ್ಕು ಮೇಜು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ, ಮೂಲೆಯಲ್ಲಿ ಕೈ ತೊಳೆಯುವ ನಲ್ಲಿ. ಇದನ್ನು ಶುರು ಮಾಡಿದವಳು ಅತ್ತೆ ಮುದ್ದಮ್ಮ. ಅದಕ್ಕೇ ಹೆಸರು ಮುದ್ದಮ್ಮ ಮೆಸ್. ದಿನಾ ಮುದ್ದೆ, ಸೊಪ್ಪಿನ ಉಪ್ಸಾರು, ಭಾನುವಾರ ತಲೆಮಾಂಸ. ಮುದ್ದಮ್ಮ ಸತ್ತು ಎಂಟು ತಿಂಗಳಾಗಿದ್ದರೂ ಊಟಕ್ಕೆ ಬರುವವರು ಇನ್ನೂ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡುತ್ತಿದ್ದರು. ಬದುಕಿದ್ದಾಗ ಆಕೆ ಅಲ್ಲೇ ನಿಂತು, "ಬಾ ಕಣಪ್ಪ, ಬಿಸಿ ಅದೆ," ಎಂದು ಕರೆಯುತ್ತಿದ್ದಳು.

ರಸ್ತೆ ಅಗೆದು ಎರಡು ವಾರಕ್ಕೆ ಮೂರು ಸೇರು ರಾಗಿಹಿಟ್ಟು ಹಿಡಿಯುತ್ತಿದ್ದ ಪಾತ್ರೆಗೆ ಒಂದು ಸೇರು ಸಾಕಾಯಿತು. ಮಿಕ್ಕ ಸಾರನ್ನು ಮನೆಯವರೇ ರಾತ್ರಿ, ಬೆಳಿಗ್ಗೆ, ಮತ್ತೆ ಮಧ್ಯಾಹ್ನ ಉಂಡರು.

"ಇವತ್ತೂ ಅದೇ ಸಾರಾ?" ಎಂದಳು ಲಾಸ್ಯ. ಧರಣಿಯ ಮಗಳು, ಎರಡನೇ ಪಿಯುಸಿ.

"ತಿಂದ್ರೆ ತಿನ್ನು, ಇಲ್ದಿದ್ರೆ ಹೋಗಿ ರಸ್ತೆ ಮುಚ್ಚು," ಎಂದಳು ಧರಣಿ.

ಗಂಡ ಮಹದೇವಸ್ವಾಮಿ ಲಗೇಜ್ ಆಟೋ ಓಡಿಸುವವನು. ತಟ್ಟೆಯಿಂದ ತಲೆ ಎತ್ತದೆ, "ಇಂಗೇ ಆದ್ರೆ ಮುಂದಿನ ತಿಂಗಳು ಮೆಸ್ಸು ಮುಚ್ಚಾದೇ ಸೈ. ಆ ರೂಮ್ನ ಬಾಡಿಗೆಗೆ ಕೊಟ್ಬುಡಾಣ," ಎಂದ.

ಧರಣಿ ಎದ್ದು ಒಲೆಯ ಕಡೆ ಹೋದಳು. ಹನ್ನೆರಡು ವರ್ಷ ಅತ್ತೆಯ ಕೈಕೆಳಗೆ ಬೈಸಿಕೊಂಡು ಕಲಿತ ಕೆಲಸ ಅದು. ಆ ರೂಮಿನಲ್ಲಿ ಯಾರದೋ ಮಂಚ, ಯಾರದೋ ಟಿವಿ ಬರುವುದನ್ನು ನೆನೆಯಲೂ ಅವಳಿಗೆ ಇಷ್ಟವಿರಲಿಲ್ಲ.

ಆ ವಾರವೇ ಪಾಲಿಕೆಯಿಂದ ಶಿವರಾಮು ಎಂಬ ಇನ್ಸ್‌ಪೆಕ್ಟರ್ ಒಂದು ಹಾಳೆ ಹಂಚಿಕೊಂಡು ಹೋದ. ಬೇರೆ ದಿನಗಳಲ್ಲಿ ರಸ್ತೆಗೆ ಬೋರ್ಡು ಇಟ್ಟರೆ ಲಾರಿಗೆ ಹಾಕಿಕೊಂಡು ಹೋಗುವ ಮನುಷ್ಯ, ಈಗ ತಾನೇ ಬಂದು ಬೋರ್ಡು ಹಾಕಿಕೊಳ್ಳಿ ಎನ್ನುತ್ತಿದ್ದ. ರಸ್ತೆ ಕೆಲಸದಿಂದ ವ್ಯಾಪಾರ ಕೆಟ್ಟವರಿಗೆ ತಾತ್ಕಾಲಿಕ ಸಡಿಲಿಕೆಯಂತೆ. ಲಾಸ್ಯ ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದಳು. ಒಂದು, ಬೋರ್ಡು ನಾಲ್ಕಡಿಗೆ ಮೂರಡಿ ಮೀರಬಾರದು. ಎರಡು, ಶುಲ್ಕ ಇಲ್ಲ. ಮೂರು, ಮರಕ್ಕೂ ಕರೆಂಟ್ ಕಂಬಕ್ಕೂ ಕಟ್ಟುವಂತಿಲ್ಲ. ನಾಲ್ಕು, ತೊಂಬತ್ತು ದಿನವಾದ ಮೇಲೆ ಸ್ವಂತ ಖರ್ಚಿನಲ್ಲಿ ತೆಗೆಯಬೇಕು. "ಐದು, ದಾರಿ ಬದಲಾದ್ರೆ ಅವತ್ತೇ ಬಾಣದ ಗುರುತು ಬದಲಾಯಿಸಬೇಕು."

"ಆಯ್ತು ಬುಡವ್ವ," ಎಂದ ಮಹದೇವಸ್ವಾಮಿ. ಐದನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೋರ್ಡು ಬರೆಯಲು ಮನೆಯಲ್ಲೇ ಜನ ಇದ್ದರು. ಮುದ್ದಮ್ಮನ ಗಂಡ ಪುಟ್ಟಮಾದಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಬೋಗಿಗಳ ಮೇಲೆ ನಂಬರು ಬರೆದವರು. ಈಗ ಕಣ್ಣಿಗೆ ಪೊರೆ ಬಂದಿದ್ದರೂ ಕುಂಚ ಹಿಡಿದರೆ ಗೆರೆ ನೆಟ್ಟಗೆ ಬರುತ್ತಿತ್ತು. ಬೇಕಾಗಿದ್ದದ್ದು ಬರೆಯುವುದಕ್ಕೊಂದು ಹಾಳೆ ಮಾತ್ರ. ಮಹದೇವಸ್ವಾಮಿ ಮಹಡಿಯ ನೀರಿನ ಟ್ಯಾಂಕಿನ ಪಕ್ಕ ಸೌದೆಗೆ ಹೊದಿಸಿದ್ದ ಒಂದು ಫ್ಲೆಕ್ಸ್ ಎಳೆದು ತಂದ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಹಾಲಿನಷ್ಟು ಬಿಳಿ.

ಧರಣಿ ಚಿತ್ರದ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆಯ ಶ್ರದ್ಧಾಂಜಲಿ ಫ್ಲೆಕ್ಸು. ಸತ್ತಾಗ ಬೀದಿ ತುದಿಯಲ್ಲಿ ಹನ್ನೊಂದು ದಿನ ನಿಂತಿತ್ತು. ಮುದ್ದಮ್ಮನ ಒಂಟಿ ಫೋಟೋ ಒಂದೂ ಇರಲಿಲ್ಲವೆಂದು ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದರು. "ಬೇಡ ಕಣ್ಲಾ, ತಲೆ ಬಾಚಿಲ್ಲ," ಎಂದು ಕ್ಯಾಮೆರಾದವನಿಗೆ ಬಲಗೈ ಅಡ್ಡ ಎತ್ತಿದ ಫೋಟೋ. ಇಡೀ ಅಂಗೈ ಕಾಣುತ್ತಿತ್ತು.

"ರೀ, ಇದು ಬೇಡ."

"ಹಿಂದ್ಗಡೆ ಬರೆಯೋದು ಕಣೇ. ಯಾರಿಗ್ ಕಾಣ್ತದೆ? ಅಪ್ಪನಿಗೆ ಹೇಳ್ಬೇಡ."

ಶ್ರದ್ಧಾಂಜಲಿ ಎಂಬ ಅಕ್ಷರದ ಭಾಗವನ್ನು ಮಡಚಿ, ಬಿದಿರಿನ ಚೌಕಟ್ಟಿಗೆ ಮೊಳೆ ಹೊಡೆದು, ಚಿತ್ರವನ್ನು ಗೋಡೆಗೆ ತಿರುಗಿಸಿ ಒರಗಿಸಿದ. ಪುಟ್ಟಮಾದಯ್ಯ ಸ್ಟೂಲಿನ ಮೇಲೆ ಕೂತು ಕೆಂಪು ಬಣ್ಣದಲ್ಲಿ ಬರೆದರು: ಮುದ್ದಮ್ಮ ಮೆಸ್, ಬಿಸಿ ಮುದ್ದೆ ಊಟ. ಕೆಳಗೆ, ಅಗೆದ ರಸ್ತೆಯ ಪಕ್ಕ ಬಿಟ್ಟಿದ್ದ ಕಾಲುದಾರಿ ತೋರಿಸಲು, ಎಡಕ್ಕೆ ತಿರುಗಿದ ದೊಡ್ಡ ಬಾಣ. ಹೆಂಡತಿಯ ಹೆಸರು ಬರೆಯುವಾಗ ಒಂದು ಸಲ ಕುಂಚ ನಿಲ್ಲಿಸಿ ಬೆರಳಿನಿಂದ ಆ ಬಿಳಿಯನ್ನು ಸವರಿದರು. ಒಳಗಿದ್ದ ಧರಣಿ ಅದನ್ನು ನೋಡಲಾಗದೆ ಈರುಳ್ಳಿ ಹೆಚ್ಚಲು ಕೂತಳು.

ಬೋರ್ಡನ್ನು ರಸ್ತೆ ಬಾಯಲ್ಲಿ ಎರಡು ಬಿದಿರಿನ ಗಳು ನೆಟ್ಟು ಕಟ್ಟಿದರು. ಅಕ್ಷರ ಜನದ ಕಡೆ, ಚಿತ್ರ ಗುಂಡಿಯ ಕಡೆ. ಗುಂಡಿಯ ಆಚೆ ಕೆಲಸದವರ ದೊಡ್ಡ ದೀಪ ಸಂಜೆ ಆರಕ್ಕೆ ಹತ್ತಿಕೊಳ್ಳುತ್ತಿತ್ತು.

ನಾಲ್ಕೇ ದಿನಕ್ಕೆ ರಾತ್ರಿ ಊಟಕ್ಕೆ ಜನ ಬರತೊಡಗಿದರು. ವಿದ್ಯಾರಣ್ಯಪುರಂನಿಂದ ಬಂದ ಒಬ್ಬ ಗಡ್ಡದ ಮನುಷ್ಯ ಕೈ ತೊಳೆಯುತ್ತಾ ಹೇಳಿದ, "ದಾರಿ ಗೊತ್ತಾಗ್ದೆ ವಾಪಸ್ ಹೋಗ್ತಿದ್ದೆ. ಅಲ್ಲಿ ನಿಂತಿದ್ರಲ್ಲ, ಆ ಅಮ್ಮ ಕೈ ಎತ್ತಿ ಕರೆದ್ರು."

"ಯಾವ ಅಮ್ಮ?" ಎಂದಳು ಧರಣಿ.

"ನಿಮ್ಮ ಕಡೆಯವರಲ್ವಾ? ವಯಸ್ಸಾದೋರು."

ಮರುದಿನ ಇನ್ನಿಬ್ಬರು ಅದನ್ನೇ ಹೇಳಿದರು. ಆ ವಾರ ಊಟಕ್ಕೆ ಹೊಸದಾಗಿ ಸೇರಿದ್ದ ತನುಶ್ರೀ ಎಂಬ ನರ್ಸಿಂಗ್ ಹುಡುಗಿ ಮಾತ್ರ ಬೇರೆ ಹೇಳಿದಳು. "ಕರೆಯೋ ಹಾಗಿರ್ಲಿಲ್ಲ ಆಂಟಿ. ನಿಲ್ಲು ಅನ್ನೋ ಹಾಗೆ ಕೈ ಇಟ್ಟಿದ್ರು. ಹತ್ರ ಹೋದೆ, ಬರೀ ಬೋರ್ಡು."

ಮರುಸಂಜೆ ಲಾಸ್ಯ ಸೊಪ್ಪು ತರುವ ನೆಪದಲ್ಲಿ ಹೋಗಿ ನೋಡಿಕೊಂಡು ಬಂದಳು. ಬಂದವಳು ಚಪ್ಪಲಿ ಬಿಡದೆ ಅಡಿಗೆಮನೆಗೇ ನುಗ್ಗಿದಳು.

"ಅಮ್ಮ, ಹಿಂದಿನ ಲೈಟು ಫ್ಲೆಕ್ಸ್ ದಾಟಿ ಬೀಳ್ತಿದೆ. ಅಕ್ಷರದ ಹಿಂದೆ ಅಜ್ಜಿ ಮುಖ ಪೂರ್ತಿ ಕಾಣುತ್ತೆ. ದೂರದಿಂದ ನೋಡಿದ್ರೆ ನಿಂತಿರೋ ಹಾಗೇ. ಎಂಟು ತಿಂಗಳಾದ್ಮೇಲೆ ಅಜ್ಜಿನ ರೋಡಲ್ಲಿ ನಿಲ್ಲಿಸಿದ್ದೀರಲ್ಲಮ್ಮ!"

"ಮೆಲ್ಲಗ್ ಮಾತಾಡು, ತಾತ ಕೇಳಿಸ್ಕೋತಾರೆ."

"ಗುಂಡಿ ಕಡೆ ಇನ್ನೂ ಏನೇನೋ ಇದೆ. ಚೆಂಡುಹೂ ಸಿಕ್ಕಿಸಿದ್ದಾರೆ. ಕೆಲಸದವರು ಕೆಳಗೆ ಇಳಿಯೋ ಮುಂಚೆ ಅಜ್ಜಿಗೆ ಕೈ ಮುಗೀತಾರಂತೆ."

ಮಹದೇವಸ್ವಾಮಿ ಬಂದವನು ಎಲ್ಲಾ ಕೇಳಿ ನಕ್ಕುಬಿಟ್ಟ. "ಬದುಕಿದ್ದಾಗ್ಲೂ ಅವ್ವ ಬಾಗಿಲಲ್ ನಿಂತು ಗಿರಾಕಿ ಕರೀತಿತ್ತು. ಈಗ್ಲೂ ಕರೀತದೆ. ಬುಡು."

"ನಿಮ್ಮವ್ವನ್ನ ಸತ್ತ ಮೇಲೂ ದುಡಿಸ್ತೀರಲ್ಲ, ನಾಚಿಕೆ ಆಗಲ್ವಾ?" ಎಂದಳು ಧರಣಿ. ಎಂದಳೇ ಹೊರತು ಬೋರ್ಡು ತೆಗೆಸಲಿಲ್ಲ. ಪಾತ್ರೆಗೆ ಮತ್ತೆ ಮೂರು ಸೇರು ಹಿಟ್ಟು ಬೀಳುತ್ತಿತ್ತು. ಆಸೆ ಎಂದರೆ ಆಸೆ. ಅವಳೂ ಅದನ್ನು ಒಪ್ಪಿಕೊಂಡಳು, ತನ್ನೊಳಗೆ.

ಆ ರಾತ್ರಿ ಮುದ್ದೆ ಕಟ್ಟುವಾಗ ಅತ್ತೆ ಸತ್ತ ದಿನ ಅವಳ ಕಣ್ಣ ಮುಂದೆ ಬಂತು. ಅವತ್ತು ಇದೇ ಒಲೆಯ ಮುಂದೆ ಇಬ್ಬರಿಗೂ ಮಾತು ಬೆಳೆದಿತ್ತು. "ನಿಮ್ಮ ಕೈ ನಡುಗ್ತದೆ ಅತ್ತೆ, ಮುದ್ದೆ ಗಂಟಾಗ್ತದೆ. ಕೈ ತೊಳ್ಕೊಂಡು ಆ ಕಡೆ ಹೋಗಿ ಕೂತ್ಕೊಳಿ," ಎಂದಿದ್ದಳು. "ನನ್ ಕೈ ನಂಗೊತ್ತು," ಎಂದು ಮುದ್ದಮ್ಮ ಮೂರನೇ ಮುದ್ದೆಗೆ ಕೈ ಹಾಕಿದವಳು ಅಲ್ಲೇ ಕುಸಿದು ಉಸಿರು ಬಿಟ್ಟಿದ್ದಳು. ಮನೆಯಲ್ಲಿ ಆಗ ಇನ್ಯಾರೂ ಇರಲಿಲ್ಲ. ಅತ್ತೆಯ ಬಲಗೈ ತುಂಬ ಮೆತ್ತಿಕೊಂಡು ಒಣಗತೊಡಗಿದ್ದ ರಾಗಿಯನ್ನು ಧರಣಿ ಬಿಸಿನೀರಿನಲ್ಲಿ ಒಂದೊಂದೇ ಬೆರಳು ಹಿಡಿದು ತೊಳೆದಳು. ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಜಗಳವನ್ನೂ ಹೇಳಲಿಲ್ಲ, ಕೈ ತೊಳೆದದ್ದನ್ನೂ ಹೇಳಲಿಲ್ಲ. ಇವತ್ತಿಗೂ ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ತಿಂಗಳು ಕಳೆಯುವ ಹೊತ್ತಿಗೆ ದಾರಿ ಬದಲಾಯಿತು. ಎಡಗಡೆ ಬಿಟ್ಟಿದ್ದ ಕಾಲುದಾರಿಯನ್ನೂ ಎರಡಾಳು ಆಳಕ್ಕೆ ಅಗೆದು, ಮೇಲೊಂದು ಹಲಗೆ ಹಾಸಿದರು. ಸರಿಯಾದ ದಾರಿ ಈಗ ಬಲಕ್ಕೆ, ಪಾರ್ಕು ಬಳಸಿಕೊಂಡು ಬರಬೇಕು.

"ಐದನೇ ಷರತ್ತು," ಎಂದಳು ಲಾಸ್ಯ. "ಬಾಣ ತಿರುಗಿಸಿ ಬರೀಬೇಕು."

"ಪಾರ್ಕ್ ಸುತ್ಕೊಂಡು ಯಾವನ್ ಬರ್ತಾನೆ ಮುದ್ದೆಗೆ? ಹಲಗೆ ಅದಲ್ಲ," ಎಂದ ಅಪ್ಪ.

"ಯಾರಾದ್ರೂ ಬಿದ್ರೆ?"

"ನೀನು ಓದ್ಕೊ ಹೋಗು."

ಲಾಸ್ಯ ಅಮ್ಮನ ಮುಖ ನೋಡಿದಳು. ಧರಣಿ, "ನಾಳೆ ನೋಡಾಣ," ಎಂದಳು. ಆ ನಾಳೆ ಹತ್ತು ದಿನವಾದರೂ ಬರಲಿಲ್ಲ.

ಅಷ್ಟರಲ್ಲಿ ಪುಟ್ಟಮಾದಯ್ಯ ಸಂಜೆ ವಾಕಿಂಗ್ ಹೋಗುವುದು ಶುರುವಾಗಿತ್ತು. ಮಂಡಿನೋವೆಂದು ಬೀದಿ ನಲ್ಲಿಯವರೆಗೂ ಹೋಗದ ಮನುಷ್ಯ ಆರಕ್ಕೆ ಸರಿಯಾಗಿ ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಹೊರಡುತ್ತಿದ್ದರು. ಬಂದ ಮೇಲೆ ಊಟ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಅರ್ಧ ಮುದ್ದೆ ಬಿಡುತ್ತಿದ್ದರು.

"ಎಲ್ಲಿಗ್ ಹೋಗ್ತೀರಿ ಮಾವ ದಿನಾ?"

"ಗಾಳಿಗೆ."

ಯಾವ ಗಾಳಿ ಎಂಬುದು ಒಂದು ಗುರುವಾರ ಗೊತ್ತಾಯಿತು. ಮಧ್ಯಾಹ್ನ ನಾಲ್ಕಕ್ಕೆ ಮುದುಕ ಬೋರ್ಡನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಯೊಳಗೆ ಬಂದರು. ಮೈಯೆಲ್ಲಾ ಧೂಳು, ಉಸಿರು ಸಿಕ್ಕುತ್ತಿರಲಿಲ್ಲ. ಮೊಳೆ ಕಿತ್ತು ಫ್ಲೆಕ್ಸನ್ನು ನೆಲದ ಮೇಲೆ ಹಾಸಿದರು. ಮುದ್ದಮ್ಮನ ಹಣೆಯ ಮೇಲೆ ಕುಂಕುಮ ಮೆತ್ತಿತ್ತು. ಎತ್ತಿದ ಅಂಗೈಗೆ ಯಾರೋ ಕೊಯ್ದ ನಿಂಬೆಹಣ್ಣು ಉಜ್ಜಿದ್ದರು.

"ಸ್ವಾಮಿ!" ಎಂದು ಮಗನನ್ನು ಕೂಗಿದರು. ಮಹದೇವಸ್ವಾಮಿ ಬಂದ.

"ದೆವ್ವ ದೇವ್ರು ಎಲ್ಲಾ ಬುಟ್ಟು ನಲವತ್ತು ವರ್ಸ ಆಯ್ತು ಈ ಮನೇಲಿ. ನನ್ ಹೆಂಡ್ತಿನ ಮಾರಿ ಮಾಡ್ಬುಟ್ರಲ್ಲೋ! ನಿಂಬೆಹಣ್ಣು ಕೊಯ್ತಾವ್ರೆ ಅವಳ ಮುಂದೆ!"

"ನಾವ್ ಮಾಡಿದ್ದಲ್ಲಪ್ಪ, ಆ ಕೆಲಸದವರು—"

"ಯಾಕಪ್ಪಾ ಅಂತ ಅವರಲ್ಲೊಬ್ಬನ್ನ ಕೇಳ್ದೆ. ಈ ಅಮ್ಮ ನಿಂತಿರೋಗಂಟ ಮಣ್ಣು ಕುಸಿಯಲ್ಲ ತಾತ, ತೆಗೀಬೇಡ ಅಂತಾನೆ. ಮಣ್ಣು ಹಿಡ್ಕೊಳ್ಳೋ ಕೆಲಸಾನೂ ಅವಳಿಗೇ ಕೊಟ್ರಾ?"

"ನೀವು ವಾರದಿಂದ ಅಲ್ಲೇ ಹೋಗಿ ಕೂತ್ಕೋತಿದ್ರಂತೆ," ಎಂದ ಮಗ, ಸೋಲದೆ. "ಅವತ್ತೇ ಯಾಕ್ ತೆಗೀಲಿಲ್ಲ?"

ಪುಟ್ಟಮಾದಯ್ಯ ಆ ಅಂಗೈ ಪಕ್ಕ ಕೂತರು. ಕಣ್ಣಲ್ಲಿ ನೀರು ತುಂಬಿತು. "ಬೇಡ ಬೇಡ ಅಂತ ಕೈ ಎತ್ಕೊಂಡ್ ನಿಂತವಳೆ. ಏನ್ ಬೇಡ ಅಂತವಳೆ ಅಂತ ನೋಡ್ತಿದ್ದೆ ಕಣ್ಲಾ. ಗೊತ್ತಾಗ್ನಿಲ್ಲ."

ಫ್ಲೆಕ್ಸನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸುತ್ತಿ, ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು.

ಐದೂವರೆಗೆ ಮಳೆ ಬಂತು. ಆರಕ್ಕೆ ಕರೆಂಟು ಹೋಯಿತು. ಮನೆಯಲ್ಲಿ ಎಲ್ಲರೂ ಮೇಣದಬತ್ತಿ ಹಚ್ಚಿಟ್ಟುಕೊಂಡು ಕೂತರು. ಏಳಾದರೂ ಊಟಕ್ಕೆ ಒಬ್ಬರೂ ಬರಲಿಲ್ಲ. ದೊಡ್ಡ ರಸ್ತೆಯ ಕಡೆಯಿಂದ ಒಮ್ಮೆ ಧೊಪ್ಪೆಂದು ಏನೋ ಬಿದ್ದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ತನುಶ್ರೀ ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲವರೆಗೆ ಕೆಸರು, ತುಟಿ ಬೆಳ್ಳಗಾಗಿತ್ತು.

"ಆಂಟಿ, ಹಲಗೆ ಇಲ್ಲ. ದಡ ಎಲ್ಲಾ ಕುಸಿದು ಹಲಗೆ ಸಮೇತ ಒಳಗೆ ಹೋಗಿದೆ. ಗುಂಡಿ ತುಂಬ ನೀರು."

ಧರಣಿ ಅವಳ ರಟ್ಟೆ ಹಿಡಿದು ಕೂರಿಸಿದಳು. "ನೀನ್ ಎಂಗ್ ಬಂದೆ?"

"ಪಾರ್ಕ್ ಕಡೆಯಿಂದ ಸುತ್ಕೊಂಡು. ದಿನಾ ಬರೋ ದಾರಿ ಅಂತ ಫೋನ್ ನೋಡ್ಕೊಂಡೇ ಬರ್ತಿದ್ದೆ. ಇನ್ನೊಂದ್ ಹೆಜ್ಜೆ ಇಟ್ಟಿದ್ರೆ... ಅಜ್ಜಿ ಕೈ ಅಡ್ಡ ಹಿಡಿದ್ರು. ಬೋರ್ಡಿನ ಅಜ್ಜಿ. ಅಲ್ಲೇ ನಿಂತೆ. ಆಮೇಲೆ ಮುಂದಿನ ಮಣ್ಣು ಜಾರಿದ್ದು ಕಾಣಿಸ್ತು."

ಲಾಸ್ಯ ತಾತನ ಮುಖ ನೋಡಿದಳು. ಮಹದೇವಸ್ವಾಮಿ ಎದ್ದು ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದ. ಸುತ್ತಿಟ್ಟ ಫ್ಲೆಕ್ಸು ಅಲ್ಲೇ ಇತ್ತು.

"ಕರೆಂಟ್ ಇಲ್ದೆ ಎಂಗ್ ಕಾಣ್ತಮ್ಮ ನಿಂಗೆ?" ಎಂದ ಅವನು ಹೊರಗೆ ಬಂದು. ಸ್ವರ ತಗ್ಗಿತ್ತು.

"ಹತ್ರಾನೇ ಇದ್ರಲ್ಲ ಅಂಕಲ್."

"ಅಭ್ಯಾಸ," ಎಂದರು ಪುಟ್ಟಮಾದಯ್ಯ, ಯಾರನ್ನೂ ನೋಡದೆ. "ದಿನಾ ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗಿರ್ತದೆ. ಭಯಕ್ಕೆ ಮನಸ್ಸೇ ತೋರಿಸ್ತದೆ. ಬೇರೆ ಏನೂ ಅಲ್ಲ ಕಣವ್ವ." ಮಾತು ಖಡಕ್ಕಾಗಿಯೇ ಇತ್ತು. ಆದರೆ ಎದ್ದು ಹೋಗಿ ಮಂಚದ ಕೆಳಗೆ ತಾವೂ ಒಮ್ಮೆ ಬಗ್ಗಿ ನೋಡಿದರು.

ಅವತ್ತು ಎಲ್ಲರೂ ತನುಶ್ರೀಯ ಜೊತೆ ಒಟ್ಟಿಗೆ ಕೂತು ಉಂಡರು. ಧರಣಿ ಕೈ ತೊಳೆಯಲು ಎದ್ದಾಗ ಗಂಡನಿಗೆ ಕೇಳುವಷ್ಟು ಮಾತ್ರ ಹೇಳಿದಳು, "ಆ ಹುಡುಗಿ ಸತ್ತಿದ್ರೆ ನಾವೇ ಬಾಣ ಬರ್ದು ಕೊಂದಂಗ್ ಆಗ್ತಿತ್ತು. ನಾನೂ ಸೇರಿ. ನಾಳೆ ಅಂದವಳು ನಾನೇ."

ಬೆಳಿಗ್ಗೆ ಮಹದೇವಸ್ವಾಮಿಯೇ ಫ್ಲೆಕ್ಸ್ ಹೊರಗೆ ತಂದು ಚೌಕಟ್ಟಿಗೆ ಬಿಗಿದ. ಈ ಸಲ ಚಿತ್ರ ಹೊರಗೆ. ಪುಟ್ಟಮಾದಯ್ಯ ಹೆಂಡತಿಯ ಮುಖವನ್ನು ಇನ್ನೊಂದು ಸಲ ಒರೆಸಿ, ಎತ್ತಿದ ಅಂಗೈ ಕೆಳಗೆ ಬೋಗಿಯ ನಂಬರಿನಷ್ಟು ದಪ್ಪ ಅಕ್ಷರದಲ್ಲಿ ಬರೆದರು: ಈ ಕಡೆ ಬರಬೇಡಿ, ಗುಂಡಿ ಇದೆ. ಮೆಸ್ಸಿನ ಹೆಸರು ಬರೆಯಲಿಲ್ಲ, ಬಾಣವನ್ನೂ ಹಾಕಲಿಲ್ಲ.

ಅಪ್ಪ, ಮಗ ಇಬ್ಬರೂ ಹೋಗಿ ಅದೇ ಗಳುಗಳಿಗೆ ಕಟ್ಟಿದರು. ಹತ್ತು ಗಂಟೆಗೆ ಶಿವರಾಮು ಸ್ಕೂಟರ್ ನಿಲ್ಲಿಸಿದ. "ಇದೇನ್ರೀ? ಸಡಿಲಿಕೆ ಇರೋದು ಅಂಗಡಿ ಬೋರ್ಡಿಗೆ. ಇದು ಯಾವ ಅಂಗಡಿ?"

"ಅಂಗಡಿ ಅಲ್ಲ ಸಾರ್, ನಮ್ಮವ್ವ," ಎಂದ ಮಹದೇವಸ್ವಾಮಿ.

ಶಿವರಾಮು ಕುಸಿದ ದಡ ನೋಡಿದ, ಅಂಗೈ ನೋಡಿದ. ತೆಗೆಯಿರಿ ಎನ್ನಲಿಲ್ಲ. ಕಂಟ್ರಾಕ್ಟರಿಗೆ ಫೋನ್ ಮಾಡಿ ಬೈಯುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಗುಂಡಿಗೆ ಅಡ್ಡ ತಗಡು ಬಂತು, ಕೆಂಪು ಪಟ್ಟಿ ಬಂತು. ಮೆಸ್ಸಿಗೆ ಮಾತ್ರ ಜನ ಬರಲಿಲ್ಲ. ಪಾತ್ರೆಗೆ ಮತ್ತೆ ಒಂದೇ ಸೇರು ಹಿಟ್ಟು.

"ಬಾಡಿಗೆಗೆ ಕೊಡಾದಾ?" ಎಂದು ಧರಣಿಯೇ ಕೇಳಿದಳು.

"ಬೇಡ ಬುಡು. ರಸ್ತೆ ಮುಚ್ಚೋಗಂಟ ತಡ್ಕೊಳಾಣ," ಎಂದ ಗಂಡ. ಅವಳಿಗೆ ಅಷ್ಟು ಸಾಕಾಗಿತ್ತು.

ಸಂಜೆ ಬೆಳಕಿರುವಾಗಲೇ ತನುಶ್ರೀ ಬಂದಳು, ಪಾರ್ಕು ಬಳಸಿಕೊಂಡು. ಧರಣಿ ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಹುಡುಗಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು.

"ಬೋರ್ಡು ನೋಡ್ದೆ ಆಂಟಿ. ಅವರೇ. ಇಷ್ಟು ದಿನ ಲೈಟಲ್ಲಿ ಮಸುಕಾಗಿ ಕಾಣ್ತಿತ್ತು, ಇವತ್ತು ಪೂರ್ತಿ ಮುಖ ನೋಡ್ದೆ. ಆದ್ರೆ ಫೋಟೋದಲ್ಲಿ ಕೈ ತೊಳ್ಕೊಂಡಿದ್ದಾರೆ."

ಧರಣಿಯ ಕೈ ಮುದ್ದೆಯ ಮೇಲೆ ನಿಂತಿತು. "ಅಂದ್ರೆ?"

"ನಿನ್ನೆ ನನ್ನ ಮುಂದೆ ಹಿಡಿದ್ರಲ್ಲ, ಆ ಕೈ ತುಂಬ ರಾಗಿ ಮೆತ್ತಿತ್ತು. ನಿಮ್ಮ ಕೈಗೆ ಈಗ ಮೆತ್ತಿದೆಯಲ್ಲ, ಹಾಗೇ."